ರವಿವಾರದ ಗುಬ್ಬಿಗಳು

ಕಳೆದ ವಾರ ಜಮಖಂಡಿಯಿಂದ ಮುಧೋಳಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬಾತ ನೂಲಿನ ದೊಡ್ಡ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕುಳಿತ. ಗಂಟಿನಿಂದ ಗಂಜಿಯ ವಾಸನೆ, ಅದರೊಳಗೆ ತುಸು ಮಷಿನ್ ಎಣ್ಣೆಯ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಗಿ ತಡಕಾಡತೊಡಗಿತು. ಪೆನ್ನು ಎರಡಿವೆಯೇ, ಅರಣ್ಯ ಇಲಾಖೆಯ ಅನುಮತಿ ಪತ್ರ ಇದೆಯೇ, ಸ್ಟಾಪ್‌ವಾಚ್ ಇದೆಯೇ? ಒಂದೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಆ ಕೆಲಸ ಬಿಟ್ಟು ವರ್ಷಗಳೇ ಆಗಿವೆ. ಸುದ್ದಿ ನನ್ನ ಕೈಗೆ ಮಾತ್ರ ಇನ್ನೂ ಮುಟ್ಟಿಲ್ಲ.

"ಏನರ ಕಳಕೊಂಡ್ರೇನ್ರಿ?" ಎಂದು ಆತ ಕೇಳಿದ.

"ಇಲ್ರಿ, ಏನಿಲ್ಲ" ಎಂದೆ. ಖರೆ ಹೇಳಬೇಕೆಂದರೆ ಒಂದು ಡಾಕ್ಟರೇಟ್ ಕಳೆದುಕೊಂಡಿದ್ದೆ. ಅದನ್ನು ಬಸ್ಸಿನಲ್ಲಿ, ಗುರುತಿಲ್ಲದ ಮನುಷ್ಯನಿಗೆ, ಕಂಡಕ್ಟರ್ ಚಿಲ್ಲರೆಗಾಗಿ ಜಗಳಾಡುತ್ತಿರುವಾಗ ಹೇಗೆ ಹೇಳುವುದು? ಇಲ್ಲಾದರೂ ಹೇಳಿ ಬಿಡುತ್ತೇನೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಸ್ವಭಾವತಃ ಪುಕ್ಕಲ. ಮನೆ ಬಿಡುವ ಮೊದಲು ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತೇನೆ. ಮಳೆ ಅಪರೂಪವಾದ ಈ ಸೀಮೆಯಲ್ಲಿ ವರ್ಷವಿಡೀ ಕೊಡೆ ಹಿಡಿದು ಓಡಾಡುವ ಮನುಷ್ಯ ಬಹುಶಃ ನಾನೊಬ್ಬನೇ. ಸ್ಟಾಫ್ ರೂಮಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರೆಲ್ಲ ಡಾಕ್ಟರ್ ಆಗಿ, ನಾನೊಬ್ಬನೇ ಬರಿಯ ಸರ್ ಆಗಿ ಉಳಿದಾಗ, ನಲವತ್ತೈದು ದಾಟಿದ ಮೇಲೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದೆ. ನನ್ನ ಹೆಂಡತಿ ಗಿರಿಜಾ, "ಛಲೋ ಆತು. ಡಾಕ್ಟರ್ ಆದ್ರ ನಿಮ್ಮ ಬಿಪಿ ಗುಳಿಗಿ ನೀವ ಬರಕೋಬಹುದು" ಎಂದಳು.

ವಿಷಯ ಆರಿಸಿದ್ದು ನಾನೇ. ಹಕ್ಕಿಗಳಲ್ಲೂ ಒಂದೊಂದಕ್ಕೆ ಒಂದೊಂದು ಸ್ವಭಾವ. ಕೆಲವು ಹೊಸದನ್ನು ಕಂಡರೆ ಮುನ್ನುಗ್ಗುತ್ತವೆ, ಕೆಲವು ದೂರ ನಿಂತು ನೋಡುತ್ತವೆ. ಕಾಳನ್ನು ಎದುರಿಗೇ ಇಟ್ಟು, ಅದನ್ನು ತೆಗೆಯಲು ತುಸು ತಲೆ ಓಡಿಸಬೇಕಾದ ಹಾಗೆ ಮಾಡಿದರೆ ಯಾವುದು ಗೆಲ್ಲುತ್ತದೆ, ಧೈರ್ಯದ ಹಕ್ಕಿಯೋ, ಅಂಜುವ ಹಕ್ಕಿಯೋ? ಇದರಲ್ಲಿ ನನ್ನ ಸ್ವಾರ್ಥ ಇರಲಿಲ್ಲ ಎಂದು ಹೇಳಲಾರೆ. ಅಂಜುಬುರುಕರಿಗೆ ತಲೆ ಹೆಚ್ಚು ಎಂದು ವಿಶ್ವವಿದ್ಯಾಲಯದ ಮೊಹರಿನೊಂದಿಗೆ ಯಾರಾದರೂ ಬರೆದುಕೊಟ್ಟರೆ ಚೆನ್ನಾಗಿರುತ್ತದೆ ಎಂಬ ಆಸೆ ಮೊದಲಿನಿಂದಲೂ ಇತ್ತು. ಯಾರೂ ಬರೆದುಕೊಡದ ಕಾರಣ ನಾನೇ ಬರೆಯಲು ಕುಳಿತೆ.

ಮೊದಲು ಬೀಳಗಿಯ ಹಿನ್ನೀರಿನ ದಂಡೆಗೆ ಹೋದೆ. ಗಾಳಿಗೆ ನನ್ನ ಪೆಟ್ಟಿಗೆಯೇ ನೀರಿಗೆ ಬಿತ್ತು. ಆಮೇಲೆ ಮುಧೋಳದಲ್ಲಿ ಹೆಂಡತಿಯ ಅಣ್ಣನ ಅಂಗಳದಲ್ಲಿ ಕುಳಿತೆ. ಅಲ್ಲಿ ಅವರ ಬೇಟೆನಾಯಿ ಇಡೀ ದಿನ ನನ್ನ ಪಕ್ಕ ಮಲಗಿ ನನ್ನನ್ನು ಕಾದದ್ದರಿಂದ ಒಂದೇ ಒಂದು ಹಕ್ಕಿ ಕೆಳಗಿಳಿಯಲಿಲ್ಲ. ಹೀಗೆ ಎರಡು ವರ್ಷ ಹಾಳಾದವು. ಒಂದು ಸಲ ಅವಧಿ ವಿಸ್ತರಿಸಿಕೊಂಡೆ, ಇನ್ನೊಂದು ಸಲ ವಿಸ್ತರಿಸಿಕೊಂಡೆ. ನಮ್ಮ ಗೈಡ್ ಸರ್ ಒಳ್ಳೆಯವರು. ಆದರೆ ಅವರು ಮರುವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನಿವೃತ್ತರಾಗುವವರಿದ್ದರು. "ನಾ ಇರೂತನಕ ಒಪ್ಪಿಸಿಬಿಡ್ರಿ. ಆ ತಾರೀಖು ದಾಟಿದ್ರ ನೋಂದಣಿ ರದ್ದು. ಈ ವಯಸ್ಸಿನ್ಯಾಗ ನಿಮ್ಮನ್ನ ಬ್ಯಾರೆ ಯಾರೂ ತಗೊಳ್ಳಂಗಿಲ್ಲ" ಎಂದು ಹೇಳಿದ್ದರು. ಹೊಸ ವರ್ಷ ಬಂದ ಕೂಡಲೆ ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತುಹಾಕಿಟ್ಟೆ. ಬೆಳಿಗ್ಗೆ ಚಹಾ ಕುಡಿಯುವಾಗ ಅದು ನನ್ನನ್ನೇ ದಿಟ್ಟಿಸುತ್ತಿತ್ತು.

ಕೊನೆಗೆ ಗುಬ್ಬಿ ಸಿಕ್ಕದ್ದು ಬನಹಟ್ಟಿಯಲ್ಲಿ, ಮಲ್ಲಪ್ಪ ಎಂಬ ನೇಕಾರರ ಶೆಡ್ಡಿನಲ್ಲಿ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು, ಒಳಗೆ ಸೀರೆ ನೇಯುವ ನಾಲ್ಕು ವಿದ್ಯುತ್ ಮಗ್ಗಗಳು. ಮೇಲೆ ಕಬ್ಬಿಣದ ತೊಲೆಗಳ ಸಂದುಗಳಲ್ಲಿ ಇಪ್ಪತ್ತರ ಸುಮಾರು ಗುಬ್ಬಿಗಳು. ನೂಲಿನ ಚೂರು, ಹತ್ತಿಯ ತುಪ್ಪಳ, ಎಲ್ಲ ಕೈಗೆಟುಕುವ ಹಾಗಿರುವಾಗ ಗುಬ್ಬಿಗೆ ಇನ್ನೇನು ಬೇಕು? ಮಲ್ಲಪ್ಪನವರ ಹೆಂಡತಿ ಶಾಂತವ್ವ ಮೂಲೆಯಲ್ಲಿ ಕುಳಿತು ಕಂಡಿಕಿ ಸುತ್ತುತ್ತಿದ್ದರು. ಎಂದರೆ, ಲಾಳಿಯೊಳಗೆ ಕೂಡಿಸುವ ಪುಟ್ಟ ಕೋಲುಗಳಿಗೆ ನೂಲು ತುಂಬುವ ಕೆಲಸ. ಪಕ್ಕದ ಬಟ್ಟಲಿನಿಂದ ಆಗಾಗ ಒಂದು ಹಿಡಿ ಜೋಳದ ನುಚ್ಚನ್ನು ಗುಬ್ಬಿಗಳತ್ತ ಎರಚುತ್ತಿದ್ದರು.

ನನ್ನ ಕೆಲಸ ಕೇಳಿ ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಗುಬ್ಬಿಗೂ ಪರೀಕ್ಷಾ ಇಟ್ಟೀರೇನ್ರಿ ಸರ? ಹುಡುಗ್ರನ್ನ ಫೇಲ್ ಮಾಡಿದ್ದು ಸಾಲಲಿಲ್ಲೇನು?"

"ಕಾಪಿ ಹೊಡಿಬ್ಯಾಡ್ರಿ ಅಂತ ಮೊದಲ ಹೇಳಿ ಬಿಡ್ರಿ ಅವಕ್ಕ" ಎಂದರು ಮಲ್ಲಪ್ಪ.

ದಿನ ಯಾವುದು ಎಂದು ಮಾತಾಯಿತು. ಆ ಶೆಡ್ಡಿಗೆ ರವಿವಾರ ಸೂಟಿ, ಅಂದು ಮಗ್ಗ ನಿಲ್ಲುತ್ತವೆ. ನನಗೂ ರವಿವಾರ ಸೂಟಿ. ಗೈಡ್ ಸರ್ ಮೊದಲ ದಿನವೇ ಹೇಳಿದ್ದರು, ವಾತಾವರಣ ಪ್ರಶಾಂತವಾಗಿರಬೇಕು, ಗದ್ದಲವಿದ್ದರೆ ಹಕ್ಕಿ ಸಹಜವಾಗಿ ನಡೆದುಕೊಳ್ಳುವುದಿಲ್ಲ ಎಂದು. ನಾಲ್ಕು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ರವಿವಾರದ ನಿಶ್ಶಬ್ದ ನನಗೆ ದೇವರೇ ಕೊಟ್ಟಂತೆ ಕಂಡಿತು. ಮಲ್ಲಪ್ಪ ಕೀಲಿಕೈ ಶಾಂತವ್ವನ ಕೈಗೆ ಕೊಟ್ಟು, "ನಾ ರವಿವಾರ ಮನ್ಯಾಗ ಇರಂಗಿಲ್ರಿ. ನೀವು ಆರಾಮ ಕುಂತು ಮಾಡ್ರಿ" ಎಂದರು. ಯಾಕೆ ಇರುವುದಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಹಾಗೆ ಶುರುವಾಯಿತು. ಅನುಮತಿ ಪಡೆದು ಗುಬ್ಬಿಗಳ ಕಾಲಿಗೆ ಬಣ್ಣಬಣ್ಣದ ಚಿಕ್ಕ ಉಂಗುರ ಹಾಕಿದ್ದಾಯಿತು. ಆ ಅನುಮತಿ ಪತ್ರದ ಮೂರು ಪ್ರತಿ ಲ್ಯಾಮಿನೇಟ್ ಮಾಡಿಸಿ ಚೀಲದಲ್ಲೊಂದು, ಜೇಬಿನಲ್ಲೊಂದು, ಮನೆಯಲ್ಲೊಂದು ಇಟ್ಟಿದ್ದೆ. ಅದನ್ನು ಯಾರೂ ಒಂದು ದಿನವೂ ಕೇಳಲಿಲ್ಲ. ಪರೀಕ್ಷೆ ಎರಡು. ಮೊದಲನೆಯದು ಧೈರ್ಯದ್ದು: ನುಚ್ಚಿನ ತಟ್ಟೆಯ ಪಕ್ಕ ಅವು ಎಂದೂ ಕಾಣದ ವಸ್ತುವೊಂದನ್ನು, ಹಳದಿ ಬಾಚಣಿಗೆಯೋ ಹಲ್ಲುಜ್ಜುವ ಬ್ರಷ್ಷೋ ಇಟ್ಟು, ಯಾವ ಗುಬ್ಬಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡುವುದು. ಎರಡನೆಯದು ಬುದ್ಧಿಯದು: ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಕ್ಕ ಪೆಟ್ಟಿಗೆ, ಅದಕ್ಕೊಂದು ಡ್ರಾಯರು, ಡ್ರಾಯರಿನಲ್ಲಿ ನವಣೆ ಕಾಳು. ಡ್ರಾಯರಿನಿಂದ ಒಂದು ದಾರದ ತುಂಡು ಹೊರಗೆ ಇಳಿಬಿದ್ದಿರುತ್ತದೆ. ಕಾಳು ಕಾಣುತ್ತದೆ, ಸಿಗುವುದಿಲ್ಲ. ದಾರ ಎಳೆದರೆ ಸಿಗುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಗುಬ್ಬಿಗಳಿಗೆ ಉಂಗುರದ ಬಣ್ಣವೇ ಹೆಸರು. ಶಾಂತವ್ವನ ಲೆಕ್ಕವೇ ಬೇರೆ. ಕೆಂಪು ಉಂಗುರದ ಗಂಡು ಮೊದಲು ಹಾರಿಬಂದು ಬಾಚಣಿಗೆಯ ಮೇಲೆಯೇ ಕುಳಿತಾಗ, "ಎದಿ ಉಬ್ಬಿಸಿಕೊಂಡು ಹ್ಯಾಂಗ ಬಂದ ನೋಡ್ರಿ, ಥೇಟ್ ಮಾಮ್ಲೇದಾರ" ಎಂದರು. ಮಾಮ್ಲೇದಾರ ಎಂದರೆ ಈ ಕಡೆ ತಹಶೀಲ್ದಾರ. ಅಂದಿನಿಂದ ಅದು ಮಾಮ್ಲೇದಾರನೇ. ಮೂರನೇ ಮಗ್ಗದ ನೇರ ಮೇಲೆ ಗೂಡು ಕಟ್ಟಿದ ಬಿಳಿ ಉಂಗುರದ ಹೆಣ್ಣೊಂದು ತೊಲೆಯ ಮರೆಯಿಂದ ಬರಿಯ ಕೊಕ್ಕು ತೋರಿಸಿ, ನಾನು ಕೆಮ್ಮಿದರೆ ಅದನ್ನೂ ಒಳಗೆಳೆದುಕೊಳ್ಳುತ್ತಿತ್ತು. "ಅದು ಸೊಸಿರಿ. ಅತ್ತಿ ಕೂಡ್ರು ಅನ್ನೂತನಕ ಕೂಡ್ರಂಗಿಲ್ಲ."

ಎರಡು ಮಳೆಗಾಲ, ಒಂದು ಬೇಸಿಗೆ, ರವಿವಾರವೆಲ್ಲ ಅಲ್ಲೇ. ಫಲಿತಾಂಶ ಬರತೊಡಗಿತು, ಅದೂ ಗೆರೆ ಎಳೆದ ಹಾಗೆ. ಧೈರ್ಯವಾಗಿ ಬಂದ ಗುಬ್ಬಿಗಳು ದಾರ ಎಳೆದು ಕಾಳು ತಿಂದವು. ಅಂಜಿದವು ತೊಲೆ ಬಿಟ್ಟು ಇಳಿಯಲೇ ಇಲ್ಲ. ಸೊಸಿಯ ಹೆಸರಿನ ಮುಂದೆ ಸೊನ್ನೆಗಳ ಸಾಲೇ ಬಿತ್ತು. ಮನಸ್ಸಿಗೆ ತುಸು ನೋವಾಯಿತು, ನಮ್ಮ ಜಾತಿಯವರು ಹೀಗೆ ಸೋತದ್ದಕ್ಕೆ. ಆದರೆ ಇಷ್ಟು ಚೊಕ್ಕ ಫಲಿತಾಂಶ ಯಾರಿಗೆ ಸಿಗುತ್ತದೆ? ಗೈಡ್ ಸರ್ ಸೊಸಿಯ ಹೆಸರು ಕೇಳಿ ನಕ್ಕರು, ಅಂಕಿಗಳನ್ನು ನೋಡಿ ಬೆನ್ನು ತಟ್ಟಿದರು. ಪ್ರಬಂಧ ಬರೆದು ಮುಗಿಸಿದೆ, ಅವರು ತಿದ್ದಿ ಒಪ್ಪಿದರು, ಪ್ರಿಂಟಾಗಿ ಬೈಂಡಿಂಗಿಗೆ ಹೋಯಿತು. ಬೈಂಡಿಂಗ್ ಅಂಗಡಿಯಾತ, "ಬಂಗಾರದ ಅಕ್ಷರದಾಗ ಹಾಕೂನ್ರಿ ಸರ?" ಎಂದ. ಹಾಕು ಎಂದೆ. ಜೀವನದಲ್ಲಿ ಎರಡು ಸಲ ಯೋಚಿಸದೆ ಹಾಕು ಎಂದದ್ದು ಅದೊಂದೇ.

ಕೆಂಪು ಸುತ್ತಿನ ತಾರೀಖಿಗೆ ಇನ್ನೂ ಹದಿನೈದು ದಿನ ಇತ್ತು. ಇನ್ನೊಂದು ರವಿವಾರ ಹೋಗುವ ಅಗತ್ಯವೇ ಇರಲಿಲ್ಲ. ಆದರೆ ಒಂದು ಸಲ ನೋಡಿದ್ದನ್ನು ಇನ್ನೊಂದು ಸಲ ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲವಲ್ಲ, ಹೋದೆ.

ಆ ವರ್ಷದ ಗಾಳಿ ಹೇಳತೀರದು. ಆಷಾಢ ಮುಗಿದು ಶ್ರಾವಣ ಬಂದರೂ ಅದಕ್ಕೆ ತಿಳಿದಿರಲಿಲ್ಲ. ಮಳೆ ಎಂಬುದು ನಮ್ಮ ಮೇಲೆ ಚಿಮುಕಿಸಿದಷ್ಟೇ. ಘಟ್ಟದ ಕಡೆ ಬಿದ್ದ ಮಳೆಗೆ ಕೃಷ್ಣೆ ಇಲ್ಲಿ ಏರುತ್ತಿದ್ದಳು. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಹೊಳಿ ಎಷ್ಟು ಬಂದೈತಿ?" ನನ್ನ ತಲೆಯಲ್ಲಿ ಹೊಳೆ ಆಗಲೇ ರಸ್ತೆ ದಾಟಿ, ಬಸ್ಸು ನಿಂತು, ನಾನು ಬನಹಟ್ಟಿಯಲ್ಲಿ ಸಿಕ್ಕಿಬಿದ್ದು, ಪ್ರಬಂಧ ಜಮಖಂಡಿಯಲ್ಲಿ ಉಳಿದು, ತಾರೀಖು ದಾಟಿ ಹೋಗಿತ್ತು. ನಿಲ್ದಾಣದಲ್ಲಿ ಇಳಿದಾಗ ಗಾಳಿಗೆ ಕೊಡೆ ಮೇಲ್ಮುಖವಾಗಿ ಬಟ್ಟಲಿನಂತಾಯಿತು. ಅದನ್ನು ಸರಿಮಾಡುತ್ತ ಓಣಿ ಹೊಕ್ಕೆ.

ಓಣಿಯ ತುಂಬ ಮಗ್ಗದ ಸದ್ದು. ರವಿವಾರ! ಮಲ್ಲಪ್ಪನವರ ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಭರ್ತಿ ಓಡುತ್ತಿದ್ದವು. ನನ್ನನ್ನು ಕಂಡು ಮಲ್ಲಪ್ಪ ಕಿವಿಯ ಹತ್ತಿರ ಬಂದು ಒದರಿದರು: "ಬುಧವಾರ ಬೇಸ್ತವಾರ ಕರೆಂಟ್ ಇದ್ದಿಲ್ರಿ! ಗಾಳಿಗೆ ಕಂಬ ಬಿದ್ದಿತ್ತು! ಆ ಎರಡು ದಿನದ ಖಾಡೆ ಇವತ್ತ ತುಂಬಕೊಳ್ಳಾಕತ್ತೇವಿ!"

ದಿನ ಹಾಳಾಯಿತು ಎಂದುಕೊಂಡೆ. ವಾಪಸು ಬಸ್ಸಿಗೆ ಒಂದು ತಾಸು ಇತ್ತು. ಹೊರಗೆ ಧೂಳು. ಒಳಗೆ ಮಾತನಾಡುವಂತಿಲ್ಲ, ಮಗ್ಗ ಓಡುವಾಗ ಅಲ್ಲಿಯವರು ಕೈಸನ್ನೆಯಲ್ಲಿ, ತುಟಿ ನೋಡಿ ಮಾತನಾಡುತ್ತಾರೆ. ಸುಮ್ಮನೆ ಕೂರಲಾರದೆ ಪೆಟ್ಟಿಗೆಯನ್ನು ಮಾಮೂಲಿ ಜಾಗದಲ್ಲಿಟ್ಟೆ. ಸ್ಟಾಪ್‌ವಾಚ್ ಸಹ ತೆಗೆಯಲಿಲ್ಲ.

ಮಾಮ್ಲೇದಾರ ಬಂದ. ಪೆಟ್ಟಿಗೆಯ ನಾಲ್ಕೂ ಮೂಲೆ ಕುಕ್ಕಿದ. ಅಷ್ಟರಲ್ಲಿ ಇನ್ನೂ ಐದಾರು ಗುಬ್ಬಿಗಳು ಇಳಿದವು. ಹಿಂದಿನ ಅಷ್ಟೂ ರವಿವಾರ ತೊಲೆ ಬಿಟ್ಟು ಇಳಿಯದವು ಅವು! ಅವುಗಳೊಂದಿಗೆ ಜಗಳಾಡಿ, ಪೆಟ್ಟಿಗೆಗೆ ಒಮ್ಮೆ ಜೋರಾಗಿ ಕುಕ್ಕಿ, ಮಾಮ್ಲೇದಾರ ಸಿಟ್ಟಿನಿಂದ ಹಾರಿಹೋದ. ಆಗ ಮೂರನೇ ಮಗ್ಗದ ಮೇಲಿನಿಂದ ಸೊಸಿ ಇಳಿದಳು. ಕೊಕ್ಕು ಅಡಗಿಸಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಪೆಟ್ಟಿಗೆಯ ಎದುರು ನಿಂತು ಒಂದು ಕಣ್ಣಿನಿಂದ ನೋಡಿದಳು, ತಲೆ ಹೊರಳಿಸಿ ಇನ್ನೊಂದು ಕಣ್ಣಿನಿಂದ ನೋಡಿದಳು. ದಾರ ಹಿಡಿದಳು. ಎಳೆದಳು. ಡ್ರಾಯರು ಅರ್ಧ ಬಂತು. ಇನ್ನೊಮ್ಮೆ ಎಳೆದು, ಕಾಳು ತಿಂದು, ಮಗ್ಗದ ಸದ್ದಿನ ನಡುವೆ ಬಾಲ ಕುಣಿಸಿದಳು.

ನಾನು ಪೆಟ್ಟಿಗೆಗೆ ಮತ್ತೆ ಕಾಳು ತುಂಬಿಟ್ಟು, ಚೀಲದಲ್ಲಿ ಸ್ಟಾಪ್‌ವಾಚ್ ಹುಡುಕತೊಡಗಿದೆ. ಅದು ಸಿಗುವಷ್ಟರಲ್ಲಿ ಅವಳು ಪೆಟ್ಟಿಗೆಯನ್ನು ಎರಡನೇ ಸಲ ತೆರೆದಿದ್ದಳು. ಶಾಂತವ್ವ ಮೂಲೆಯಿಂದ ಕೈ ಎತ್ತಿ, ಹೆಬ್ಬೆರಳು ತೋರಿಸಿ, ತುಟಿಯಲ್ಲೇ ಹೇಳಿದರು: "ಸೊಸಿ ಪಾಸ್."

ಚಹಾದ ಹೊತ್ತಿಗೆ ಮಗ್ಗ ನಿಂತವು. ಆ ಕ್ಷಣಕ್ಕೆ ಗುಬ್ಬಿಗಳೆಲ್ಲ ಒಂದೇ ಗುಂಪಾಗಿ ಮೇಲೆ ಹಾರಿದವು. ಸೊಸಿ ತೊಲೆಯ ಮರೆಯಲ್ಲಿ, ಬರಿಯ ಕೊಕ್ಕು. ಎಷ್ಟೋ ರವಿವಾರ ಕಂಡ ಅದೇ ಕೊಕ್ಕು. ಚಹಾ ಲೋಟ ಕೆಳಗಿಟ್ಟು ಕೇಳಿದೆ.

"ಮಲ್ಲಪ್ಪಣ್ಣ, ಮಗ್ಗ ನಿಂತ್ರ ಇವು ಯಾಕ ಅಂಜತಾವ್ರಿ?"

ಅವರು ನನ್ನನ್ನು ಕೂಸನ್ನು ನೋಡುವಂತೆ ನೋಡಿದರು. "ನಾವೂ ಅಂಜತೇವ್ರಿ ಸರ. ನಮ್ಮ ಮಗಳು ಸಾವಿತ್ರಿ ಸಣ್ಣಾಕಿದ್ದಾಗ ಮಗ್ಗ ಓಡಿದ್ರ ನಿದ್ದಿ, ನಿಂತ್ರ ಅಳು. ಮಗ್ಗ ನಿಂತದ ಅಂದ್ರ ಎಳಿ ಹರದಿರಬೇಕು, ಇಲ್ಲಾ ಕರೆಂಟ್ ಹೋಗಿರಬೇಕು, ಇಲ್ಲಾ ಓಣ್ಯಾಗ ಯಾರರ ಸತ್ತಿರಬೇಕು. ಅದಕ್ಕ ನೋಡ್ರಿ ನಾ ರವಿವಾರ ಮನ್ಯಾಗ ಇರಂಗಿಲ್ಲ. ಆ ಗಪ್‌ಚಿಪ್ ತಡಕೊಳ್ಳಾಕ ಆಗಂಗಿಲ್ಲ."

"ಅದನ್ನ ಮೊದಲ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ಲಲ್ರಿ" ಎಂದರು ಶಾಂತವ್ವ. "ನೀವು ಪ್ರೊಫೆಸರು. ನಿಮಗ ಗೊತ್ತಿರಬೇಕು ಅಂದ್ವಿ."

ಸದ್ದಿನಲ್ಲಿ ಮೊಟ್ಟೆಯೊಡೆದು, ಸದ್ದಿನಲ್ಲಿ ರೆಕ್ಕೆ ಬಲಿತ ಹಕ್ಕಿಗಳನ್ನು ನಾನು ವಾರದಲ್ಲಿ ಅವು ಬೆದರುವ ಒಂದೇ ದಿನ ಹುಡುಕಿಕೊಂಡು ಹೋಗಿ ಪರೀಕ್ಷಿಸಿದ್ದೆ. ಅವಕ್ಕೆ ಹೊಸದಾಗಿದ್ದದ್ದು ಬಾಚಣಿಗೆ, ಬ್ರಷ್ಷು ಅಷ್ಟೇ ಅಲ್ಲ. ಸದ್ದಿಲ್ಲದ ಇಡೀ ಶೆಡ್ಡೇ ಹೊಸದಾಗಿತ್ತು. ಮಾಮ್ಲೇದಾರ ಗೆದ್ದದ್ದೂ ಜಾಣತನದಿಂದ ಅಲ್ಲ. ಹೆಚ್ಚಿನವು ಇಳಿಯದ ಕಾರಣ ಬೆಳಗಿನಿಂದ ಮಧ್ಯಾಹ್ನದವರೆಗೆ ಪೆಟ್ಟಿಗೆ ಅವನದೂ ಅವನಂಥ ಕೆಲವರದೂ ಆಗಿತ್ತು. ಅಷ್ಟು ಹೊತ್ತು ತಡೆಯಿಲ್ಲದೆ ಕುಕ್ಕಿದರೆ ಕೊಕ್ಕಿಗೆ ಎಂದಾದರೂ ದಾರ ಸಿಗದೇ ಇರುತ್ತದೆಯೇ?

ಹೀಗೆಂದು ಅಂದೇ ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡೆ ಎಂದರೆ ಸುಳ್ಳಾಗುತ್ತದೆ. ಅಂದು ತಿಳಿದದ್ದು ಹೊಟ್ಟೆಯಲ್ಲಿ, ತಲೆಯಲ್ಲಲ್ಲ. ಮುಂದಿನ ಮೂರು ದಿನ ತಲೆಗೆ ತಿಳಿಯದ ಹಾಗೆ ನೋಡಿಕೊಳ್ಳಲು ಏನೆಲ್ಲ ಮಾಡಿದೆ! ಒಂದೇ ದಿನ ಕಂಡದ್ದಲ್ಲವೇ ಎಂದೆ. ಎಳೆಯುವ ದಾರ ಗೂಡಿಗೆ ಒಯ್ಯುವ ದಾರದಂತೆ ಕಂಡಿರಬೇಕು, ಅದು ಬುದ್ಧಿಯಲ್ಲ, ಅಭ್ಯಾಸ ಎಂದೆ. ಪಾಠ ಮಾಡುತ್ತ ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬರೆದು ನಾಲ್ಕು ಕೋಣೆ ಮಾಡಿದೆ. ಹಿಂದಿನ ಬೆಂಚಿನ ಹುಡುಗಿ, "ಸರ, ಕಪ್ಪಿಗೆ ಮೂರ ಅಲ್ರಿ?" ಎಂದಾಗ ಅಳಿಸಿದೆ. ಬೈಂಡಿಂಗ್ ಅಂಗಡಿಗೆ ಫೋನ್ ಮಾಡಿ ಎರಡು ದಿನ ತಡೆ ಎಂದೆ, ಹತ್ತು ನಿಮಿಷದ ಮೇಲೆ ಮತ್ತೆ ಫೋನ್ ಮಾಡಿ ಬೇಗ ಮಾಡು ಎಂದೆ. ಆತ, "ಸರ, ಒಂದ ಏನರ ಹೇಳ್ರಿ" ಎಂದ.

ಬುಧವಾರ ಬೆಳಿಗ್ಗೆ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. "ಗ್ಯಾಸ್ ಆರು ಸಲ ಮುಟ್ಟಿದ್ರಿ. ಮೂರರ ಮ್ಯಾಲ ಹೋತಂದ್ರ ಏನರ ಇರ್ತದ. ಏನಾಗೇತಿ?"

ಹೇಳಿದೆ. ಅವಳು ಎಲ್ಲ ಕೇಳಿ, "ಇದು ಯಾರಿಗೆ ಗೊತ್ತಾಗ್ತದ?" ಎಂದಳು.

"ಯಾರಿಗೂ ಇಲ್ಲ."

"ಮತ್ತ?"

"ಅದ ನೋಡು ತ್ರಾಸ."

ಅವಳು ಕ್ಯಾಲೆಂಡರಿನ ಕೆಂಪು ಸುತ್ತನ್ನು ನೋಡಿದಳು. ಆ ಸುತ್ತಿಗಾಗಿ ಅವಳೂ ಎಷ್ಟೋ ರವಿವಾರ ಒಬ್ಬಳೇ ಉಂಡವಳು, ತಂಗಿಯ ಮನೆಯ ಸೀಮಂತಕ್ಕೆ ಒಬ್ಬಳೇ ಹೋದವಳು. "ಒಂದ ಸಲ ಕಂಡದ್ದು ಖರೆ ಅಂತ ಕ್ಲಾಸಿನ್ಯಾಗ ಹೇಳತೀರೇನು? ಇನ್ನೊಮ್ಮೆ ಹೋಗಿ ನೋಡಿ ಬರ್ರಿ. ಆಮ್ಯಾಲ ಅಳೂದಿದ್ರ ಅಳ್ರಿ" ಎಂದು ಹೇಳಿ, ನನ್ನನ್ನು ಸರಿಸಿ, ಏಳನೇ ಸಲ ಗ್ಯಾಸನ್ನು ತಾನೇ ಮುಟ್ಟಿ ತೋರಿಸಿದಳು.

ಬೇಸ್ತವಾರ, ಶುಕ್ರವಾರ ಎರಡು ದಿನ ರಜೆ ಹಾಕಿದೆ. ಸೆಮಿಸ್ಟರ್ ನಡುವೆ ನಾನು ರಜೆ ಕೇಳಿದ್ದನ್ನು ಕಂಡು ಪ್ರಿನ್ಸಿಪಾಲರು, "ಮನ್ಯಾಗ ಎಲ್ಲಾ ಆರಾಮ?" ಎಂದು ಮೂರು ಸಲ ಕೇಳಿದರು. ಎರಡೂ ದಿನ ಓಡುವ ಮಗ್ಗಗಳ ನಡುವೆ ಸ್ಟೂಲಿನ ಮೇಲೆ ಕುಳಿತೆ. ಈ ಸಲ ಗಡಿಯಾರ ಕೈಯಲ್ಲೇ ಇತ್ತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಚೊಕ್ಕ ಗೆರೆ ಪೂರಾ ಹರಿದುಹೋಗಿತ್ತು. ಅಂಜುಬುರುಕರಿಗೆ ತಲೆ ಹೆಚ್ಚು ಎಂಬ ನನ್ನ ಆಸೆಯೂ ಗೆಲ್ಲಲಿಲ್ಲ. ಸೊಸಿ ಪ್ರತಿ ಸಲವೂ ತೆರೆದಳು. ಅವಳಷ್ಟೇ ಅಂಜುವ ಇನ್ನೊಂದು ಹೆಣ್ಣು ದಾರದ ಕಡೆ ತಿರುಗಿಯೂ ನೋಡಲಿಲ್ಲ. ಧೈರ್ಯದ ಗುಬ್ಬಿಗಳಲ್ಲಿ ಒಂದು ತೆರೆಯಿತು, ಒಂದು ಕುಕ್ಕಿ ಬೇಸತ್ತಿತು, ಮಾಮ್ಲೇದಾರನಂತೂ ಪೆಟ್ಟಿಗೆಯನ್ನೇ ವೈರಿ ಎಂದು ಭಾವಿಸಿದ. ಯಾರು ಧೈರ್ಯವಂತರು ಎಂಬ ನನ್ನ ಪಟ್ಟಿಯೇ ತಲೆಕೆಳಗಾಗಿತ್ತು. ಇದನ್ನೆಲ್ಲ ಸರಿಯಾಗಿ ಮತ್ತೆ ನೋಡಲು ಇನ್ನೊಂದು ವರ್ಷವಾದರೂ ಬೇಕು. ನನ್ನ ಬಳಿ ಇದ್ದದ್ದು ಹತ್ತು ದಿನ.

ಗೈಡ್ ಸರ್‌ಗೆ ಫೋನ್ ಮಾಡಬೇಕು ಎಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದೆ. ಮಾಡುವ ಧೈರ್ಯ ನನಗೆ ಬರಲಿಲ್ಲ, ಅವರೇ ಮಾಡಿದರು. ಶೆಡ್ಡಿನ ಬಾಗಿಲಿಗೆ ಹೋಗಿ ಒಂದು ಕಿವಿ ಮುಚ್ಚಿಕೊಂಡು ನಿಂತೆ.

"ಬೈಂಡಿಂಗ್ ಆತೇನ್ರಿ?"

"ಇಲ್ರಿ ಸರ್!" ಎಂದು ಒದರಿದೆ.

"ಯಾಕ? ದಿನ ಎಲ್ಲಿ ಅದಾವು?"

"ತಪ್ಪಾಗೇತ್ರಿ ಸರ್!"

"ಏನು? ಕೇಳವಲ್ದು."

"ಎಲ್ಲಾ ತಪ್ಪೈತ್ರಿ! ಅಷ್ಟೂ ರವಿವಾರದ್ದು ತಪ್ಪೈತಿ! ನಾ ಒಪ್ಪಸಂಗಿಲ್ರಿ!"

ಇಪ್ಪತ್ತೈದು ವರ್ಷ ಪಾಠ ಮಾಡಿದರೂ ಹಿಂದಿನ ಬೆಂಚಿಗೆ ಕೇಳಿಸದ ನನ್ನ ದನಿ ಅಂದು ಓಣಿಯ ಕೊನೆಗೆ ಮುಟ್ಟಿತು. ಎದುರು ಮನೆಯ ಮುದುಕ ಹೊರಗೆ ಬಂದು ನಿಂತ. ನಿಜವಾಗಿ ಹೇಳುತ್ತೇನೆ, ಆ ಗದ್ದಲದಲ್ಲಿ ನನಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲವಲ್ಲ, ಅಂಜುವುದು ಯಾವುದಕ್ಕೆ?

ಪಾಪ, ಮಲ್ಲಪ್ಪ ಒಳ್ಳೆಯ ಮನುಷ್ಯ. ನನಗೆ ಮಾತನಾಡಲು ತೊಂದರೆಯಾಗುತ್ತಿದೆ ಎಂದು ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು.

ನಾಲ್ಕೂ ಮಗ್ಗ ನಿಂತವು. ಗುಬ್ಬಿಗಳು ಒಂದೇ ಹಾರಿಗೆ ಮೇಲೆ ಹೋದವು. ಶಾಂತವ್ವ ಕಂಡಿಕಿ ಹಿಡಿದ ಕೈ ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದರು. ಎಷ್ಟು ನಿಶ್ಶಬ್ದವೆಂದರೆ, ಫೋನಿನಲ್ಲಿ ಗೈಡ್ ಸರ್ ಕುರ್ಚಿ ಸರಿಸಿದ್ದೂ ಕೇಳಿಸಿತು.

"ಹಾಂ, ಈಗ ಕೇಳಸ್ತದ. ಏನಂದ್ರಿ?"

ಏನಿಲ್ರಿ ಸರ್, ಬೈಂಡಿಂಗ್ ಸೋಮವಾರ ಆಗ್ತದ: ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕುಳಿತಿತ್ತು. ಬಂಗಾರದ ಅಕ್ಷರ, ಸ್ಟಾಫ್ ರೂಮು, ಗಿರಿಜಾ ಒಬ್ಬಳೇ ಉಂಡ ಅಷ್ಟೂ ರವಿವಾರ, ಎಲ್ಲವೂ ಆ ಮಾತಿನ ಪರವಾಗಿ ನಿಂತವು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಪ್ರಬಂಧ ಒಪ್ಪಸಂಗಿಲ್ರಿ ಸರ್" ಎಂದೆ. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ಆಮೇಲೆ ಸದ್ದು, ರವಿವಾರ, ಸೊಸಿ, ಎಲ್ಲ ಹೇಳಿದೆ. ಮಗ್ಗ ನಿಂತೇ ಇದ್ದವು, ಹೇಳಿ ಮುಗಿಸುವವರೆಗೂ.

ಅವರು ಬೈಯಲಿಲ್ಲ. "ಅಲ್ರೀ, ಇದನ್ನ ಕಡೀ ಪುಟದಾಗ ಒಂದ ಸಾಲು ಬರದು ಕೊಟ್ಟುಬಿಡ್ರಿ. ಆಮ್ಯಾಲ ಬೇಕಾದ್ದು ಮಾಡಕೋರಿ" ಎಂದರು.

"ಕಡೀ ಪುಟದ ಸಾಲು ಅಲ್ರಿ ಸರ್ ಇದು. ಮೊದಲನೇ ಪುಟದಿಂದ ತಪ್ಪೈತಿ."

"ತಾರೀಖು ಹೋದ್ರ ಮತ್ತ ಸಿಗಂಗಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ಆಮೇಲೆ ಅವರು, ಬೇರೆಯೇ ದನಿಯಲ್ಲಿ, "ಆ ಸೊಸಿ ಮೊದಲನೇ ಸಲ ಎಷ್ಟು ಹೊತ್ತಿನ್ಯಾಗ ತಗೀತ್ರಿ?" ಎಂದು ಕೇಳಿದರು.

"ಗಡಿಯಾರ ಹಚ್ಚೂದು ಮರತಿದ್ದೆರಿ ಸರ್."

"ನೀವು!" ಎಂದರು. ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ. ಫೋನ್ ಇಟ್ಟರು. ತಿಂಗಳ ಕೊನೆಗೆ ಅವರು ನಿವೃತ್ತರಾದರು, ನನ್ನ ನೋಂದಣಿ ರದ್ದಾಯಿತು, ಪತ್ರ ಅಂಚೆಯಲ್ಲಿ ಬಂತು.

ನಾನು ಇನ್ನೂ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದೆ. ಮಲ್ಲಪ್ಪ ಸ್ವಿಚ್ಚಿನ ಹತ್ತಿರದಿಂದ ಕರೆದರು. ಆ ನಿಶ್ಶಬ್ದದಲ್ಲಿ ಅವರಿಗೂ ಕೈಕಾಲು ಆಡುತ್ತಿರಲಿಲ್ಲ.

"ಮುಗೀತೇನ್ರಿ ಸರ? ಹಚ್ಚಲಿ?"

"ಹಚ್ಚರಿ" ಎಂದೆ.

ಮಗ್ಗಗಳು ಒಂದೊಂದಾಗಿ ಶುರುವಾದವು. ಹಳೆಯ ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಹಾಕಿ, ಶಾಂತವ್ವನಿಂದ ಮಾಲಿನ ಲೆಕ್ಕ ಬರೆಯುವ ಒಂದು ಖಾಲಿ ವಹಿ ಇಸಿದುಕೊಂಡು, ಸ್ಟೂಲಿನ ಮೇಲೆ ಕುಳಿತೆ. ಮೊದಲ ಪುಟದಲ್ಲಿ ವಾರ ಬರೆದೆ: ಶುಕ್ರವಾರ. ಅದರ ಕೆಳಗೆ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬರೆಯದಿದ್ದ ಎರಡು ಶಬ್ದ: ಮಗ್ಗ ನಡೆದಿವೆ.